ಎರಡನೆಯ ವಿಸಿಲ್

ನಮ್ಮ ಮನೆಯಲ್ಲಿ ಬೆಳಿಗ್ಗೆ ಎರಡು ವಿಸಿಲ್ ಕೇಳುತ್ತಿತ್ತು. ಒಂದು ಅಡುಗೆಮನೆಯ ಕುಕ್ಕರಿನದು, ಇನ್ನೊಂದು ಜಗಲಿಯಲ್ಲಿ ಕೂತ ನನ್ನ ಗಂಡನದು. ಕುಕ್ಕರಿನದು ಕೇಳಿದರೆ ಬೇಳೆ ಬೆಂದಿತು. ಗಂಡನದು ಕೇಳಿದರೆ ದಮ್ಮಿನ ಮದ್ದು ಒಳಗೆ ಹೋಯಿತು. ಹಾಗಂತ ನಾವೆಲ್ಲ ನಂಬಿದ್ದೆವು. ಆಚೆ ಮನೆಯವಳೂ ನಂಬಿದ್ದಳು. "ಏಳಿ ಮಾರಾಯ್ರೆ, ಅಣ್ಣನ ವಿಸಿಲ್ ಆಯ್ತು, ಬಸ್ಸು ಹೋಗ್ತದೆ" ಎಂದು ಅವಳು ಮಕ್ಕಳನ್ನು ಎಬ್ಬಿಸುವುದು ನಮ್ಮ ಬಾವಿಕಟ್ಟೆಗೆ ಕೇಳುತ್ತಿತ್ತು.

ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ. ದೇವರ ಮೇಲೆ ಸಿಟ್ಟಲ್ಲ. ದೇವರು ನಮ್ಮ ಮನೆಗೆ ಕೊಟ್ಟದ್ದನ್ನು ಲೆಕ್ಕ ಹಾಕುತ್ತಾ ಕೂತರೆ ನನಗೆ ಬಾಯಿ ತೆರೆಯಲಿಕ್ಕೆ ಹಕ್ಕಿಲ್ಲ. ಸಿಟ್ಟು ಮನುಷ್ಯರ ಮೇಲೆ.

ನಮ್ಮವರು ಮೆಲ್ಕಾರಿನಲ್ಲಿ ಬಹಳ ವರ್ಷ ಹೋಟೆಲು ನಡೆಸಿದವರು. ಸೌದೆ ಒಲೆಯ ಹೋಟೆಲು. ಹೊಗೆ ಹೋಗಲು ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಕಿಂಡಿಯಿಂದ ಹೊರಗೆ ಹೋದದ್ದಕ್ಕಿಂತ ಇವರ ಎದೆಗೆ ಹೋದದ್ದೇ ಹೆಚ್ಚು. ಬೀಡಿ ಸಿಗರೇಟು ಮುಟ್ಟಿದವರಲ್ಲ. ಸಂಜೆ ಹೋಟೆಲು ಮುಚ್ಚಿ, ಮಿಂದು, ಭಜನಾ ಮಂದಿರಕ್ಕೆ ಹೋದರೆ ಮೊದಲ ಸ್ವರ ಎತ್ತುವುದು ಇವರೇ. ಆ ಸ್ವರ ಕೇಳಿಯೇ ನಾನು ಮದುವೆಗೆ ಒಪ್ಪಿದ್ದು ಎಂದು ನನ್ನ ತಂಗಿ ಈಗಲೂ ತಮಾಷೆ ಮಾಡುತ್ತಾಳೆ. ಅದು ಸುಳ್ಳಲ್ಲ.

ದಮ್ಮು ಕಟ್ಟಲು ಶುರುವಾದಾಗ ಮಂಗಳೂರಿನಲ್ಲಿ ಒಬ್ಬರು ದೊಡ್ಡ ಡಾಕ್ಟರಿಗೆ ತೋರಿಸಿದೆವು. ಅವರು ಒಳ್ಳೆಯವರೇ. ಆದರೆ ಹೊರಗೆ ಅಷ್ಟು ಜನ ಕಾಯುತ್ತಿರುವಾಗ ಒಳ್ಳೆಯವರಿಗೂ ಪುರುಸೊತ್ತು ಎಲ್ಲಿಂದ? ಒತ್ತಿದರೆ ಮದ್ದು ಚಿಮ್ಮುವ ಪಂಪು ಬರೆದುಕೊಟ್ಟರು. ಅದರ ಜೊತೆಗೆ ಒಂದು ಕೊಳವೆ. "ಹೇಗೆ ಎಳೆಯುವುದು ಅಂತ ಮೆಡಿಕಲಿನವರು ಹೇಳಿಕೊಡ್ತಾರೆ" ಎಂದರು.

ಕೊಳವೆ ಎಂದರೆ ನೀರಿನ ಲೋಟಕ್ಕಿಂತ ಸ್ವಲ್ಪ ಉದ್ದದ, ಒಳಗೆಲ್ಲ ಕಾಣುವ ಪ್ಲಾಸ್ಟಿಕಿನ ವಸ್ತು. ಒಂದು ತುದಿಗೆ ಪಂಪು ಸಿಕ್ಕಿಸಬೇಕು, ಇನ್ನೊಂದು ತುದಿಯನ್ನು ಬಾಯಲ್ಲಿ ಹಿಡಿಯಬೇಕು. ಪಂಪು ಒತ್ತಿದರೆ ಮದ್ದು ಮೊದಲು ಕೊಳವೆಯೊಳಗೆ ಮಂಜಿನ ಹಾಗೆ ನಿಲ್ಲುತ್ತದೆ. ಆಮೇಲೆ ನಾವು ಉಸಿರಿನಲ್ಲಿ ಎಳೆದುಕೊಳ್ಳಬೇಕು.

ನಮ್ಮ ಮೆಲ್ಕಾರಿನ ಮೆಡಿಕಲಿನವ ಹೇಳಿಕೊಟ್ಟದ್ದು ಇಷ್ಟು: "ಇದು ವಿಸಿಲ್ ಇರುವ ಮಾಲು ಅಕ್ಕ. ಎಲ್ಲರೂ ಇದನ್ನೇ ಕೇಳುವುದು."

ವಿಸಿಲ್ ಇರುವ ವಸ್ತು ನಮಗೆ ಹೊಸದಾ? ಮೊದಲ ದಿನವೇ ಇವರು ಎದೆಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಳೆದರು. ಕೂಂಯ್ ಎಂದಿತು. ಮನೆಯವರಿಗೆಲ್ಲ ಸಂತೋಷ. ಎಂದಾದರೂ ಸದ್ದು ಬಾರದಿದ್ದರೆ "ಆಗಲಿಲ್ಲ, ಇನ್ನೊಮ್ಮೆ ಎಳೆಯಿರಿ" ಎಂದು ಒಳಗಿನಿಂದ ಯಾರಾದರೂ ಕೂಗುವುದು ರೂಢಿಯಾಯಿತು.

ಮಳೆಗಾಲ ಕಳೆದು ಚಳಿ ಬರುವಷ್ಟರಲ್ಲಿ ಇವರಿಗೆ ಗೇಟಿನವರೆಗೆ ನಡೆದರೂ ಏದುಸಿರು. ಅದಕ್ಕಿಂತ ಹೆಚ್ಚಾಗಿ ಸ್ವರ ಹೋಯಿತು. ನಾಲಗೆಯಲ್ಲಿ ಬಿಳಿ ಬಿಳಿ, ಗಂಟಲಲ್ಲಿ ಮರಳು ತುಂಬಿದ ಹಾಗೆ. ಮಂದಿರಕ್ಕೆ ಹೋಗುವುದನ್ನು ಬಿಟ್ಟರು. "ಹೋಗಿ ಎಂತ ಮಾಡುವುದು? ಚಪ್ಪಾಳೆ ತಟ್ಟಲಿಕ್ಕಾ?" ಎಂದರು. ಡಾಕ್ಟರು ಮದ್ದು ಹೆಚ್ಚಿಸಿದರು, ನಾನು ಹರಕೆ ಹೆಚ್ಚಿಸಿದೆ. ಇವರು ಇನ್ನಷ್ಟು ಜೋರಾಗಿ ವಿಸಿಲ್ ಹೊಡೆದರು.

ಆ ಹೊತ್ತಿಗೆ ಮಗನ ಮದುವೆ ಕೂಡಿಬಂತು. ಮಗನಿಗೆ ಬಂಟ್ವಾಳದಲ್ಲಿಯೇ ಕೆಲಸ. ಹುಡುಗಿ ಇಂಜಿನಿಯರ್ ಕಲಿತವಳು, ಮೂಡಬಿದಿರೆಯ ಹತ್ತಿರ ಆಸ್ಪತ್ರೆಯ ಸಾಮಾನು ಮಾಡುವ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ವಾಲ್ವ್ ಡಿಸೈನ್ ಮಾಡುವವಳು. ನೋಡಲು ಹೋದಾಗ ನನ್ನ ನಾದಿನಿ ಸುಮ್ಮನಿರಬೇಕಲ್ಲ.

"ಎಂತ ವಾಲ್ವ್? ನಲ್ಲಿಯದ್ದಾ, ಗ್ಯಾಸಿನದ್ದಾ?"

"ಉಸಿರಾಟದ್ದು" ಎಂದಳು ಹುಡುಗಿ.

"ಉಸಿರಿಗೂ ವಾಲ್ವಾ! ಹಾಗಾದರೆ ನಮ್ಮ ಅತ್ತಿಗೆಯ ಬಾಯಿಗೂ ಒಂದು ಮಾಡಿ ಇಡು. ಬೇಕಾದಾಗ ಬಂದ್ ಮಾಡ್ಬಹುದು."

ಎಲ್ಲರೂ ನಕ್ಕರು. ಹುಡುಗಿ ನಗದೆ ನನ್ನ ಮುಖ ನೋಡಿದಳು. ಅಲ್ಲಿಗೇ ನಾನು ಒಪ್ಪಿದೆ.

ಮದುವೆಯಾದ ಮೇಲೆ ಅವಳು ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟರೆ ಬರುವಾಗ ದೀಪ ಹಚ್ಚುವ ಹೊತ್ತು ದಾಟಿರುತ್ತಿತ್ತು. ಮಾವನ ಮದ್ದು ಎರಡು ಹೊತ್ತೂ ಅವಳಿಲ್ಲದಾಗಲೇ ಆಗುತ್ತಿತ್ತು. ಮೊದಲ ಭಾನುವಾರ ಅಡುಗೆಮನೆಯಲ್ಲಿ ನೀರುದೋಸೆ ಎರೆಯುತ್ತಿದ್ದಳು. ಜಗಲಿಯಿಂದ ಕೂಂಯ್ ಎಂದು ಕೇಳಿದ್ದೇ ತಡ, ಸೌಟು ಬಿಟ್ಟು ಓಡಿದಳು. ಬಿದ್ದರೋ ಏನೋ ಎಂದು ನಾನೂ ಹಿಂದೆ ಓಡಿದೆ.

"ಮಾವ, ಯಾವಾಗಲೂ ಹೀಗೇ ವಿಸಿಲ್ ಬರ್ತದಾ?"

"ಒಂದು ದಿನ ತಪ್ಪಿದ್ದಿಲ್ಲ ಮಗಾ" ಎಂದರು ಇವರು, ಹೆಮ್ಮೆಯಿಂದ.

ಅವಳು ನೆಲದ ಮೇಲೆಯೇ ಕೂತಳು. "ಬರಬಾರದು ಮಾವ. ತುಂಬ ಜೋರಾಗಿ ಎಳೆದರೆ ಮಾತ್ರ ಅದು ಬರುವುದು. ಜೋರಾಗಿ ಎಳೆದರೆ ಮದ್ದು ಗಂಟಲಿಗೆ ಬಡಿದು ಅಲ್ಲೇ ಅಂಟ್ತದೆ, ಎದೆಗೆ ಇಳಿಯುವುದು ಸ್ವಲ್ಪವೇ. ನಿಧಾನ ಎಳೀಬೇಕು. ತಪ್ಪಾಯ್ತು ಅಂತ ಹೇಳಲಿಕ್ಕೇ ಆ ವಿಸಿಲ್ ಇಟ್ಟದ್ದು."

ಕಾವಲಿಯ ಮೇಲೆ ದೋಸೆ ಕರಟುವ ವಾಸನೆ ಬಂತು. ಯಾರೂ ಏಳಲಿಲ್ಲ. ಇವರು ಕೊಳವೆಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಆ ಮುಖ ನೋಡಿ ನನ್ನ ತಲೆ ಕೆಟ್ಟಿತು.

"ತಪ್ಪಾಯ್ತು ಅಂತ ಹೇಳಲಿಕ್ಕೆ ವಿಸಿಲಾ? ಈ ದೇಶದಲ್ಲಿ ವಿಸಿಲ್ ಬಂದರೆ ಅಡುಗೆ ಆಯ್ತು ಅಂತ ಅರ್ಥ. ಅಷ್ಟು ಗೊತ್ತಿಲ್ಲದವನು ಯಾರು ಇದನ್ನು ಮಾಡಿದ್ದು? ಅವನ ಮನೆಯಲ್ಲಿ ಅನ್ನ ಬೇಯಿಸುವುದಿಲ್ಲವಾ? ಗಾಳಿ ತಿಂದು ಬದುಕ್ತಾನಾ?"

ಸೊಸೆ ಕೊಳವೆಯನ್ನು ತೆಗೆದುಕೊಂಡು ತಿರುಗಿಸಿ ಅಡಿ ನೋಡಿದಳು. ಅವಳ ಕಿವಿ ಕೆಂಪಾಯಿತು.

"ನಮ್ಮ ಫ್ಯಾಕ್ಟರಿಯದ್ದೇ ಅತ್ತೆ."

ಆಮೇಲೆ ಕೆಲವು ದಿನ ನಾನು ಅವಳ ಹತ್ತಿರ ನೆಟ್ಟಗೆ ಮಾತಾಡಲಿಲ್ಲ. ಬುತ್ತಿ ಕಟ್ಟಿ ಕೊಡುತ್ತಿದ್ದೆ, ಅಷ್ಟೆ. ಇವರ ಸ್ವರ ತಿಂದ ವಸ್ತು ಮಾಡಿದ ಸಂಬಳದಲ್ಲಿ ನನಗೆ ಮದುವೆಗೆ ಸೀರೆ ತಂದಿದ್ದಳು. ಅದನ್ನು ಉಡುವ ಮನಸ್ಸಾಗಲಿಲ್ಲ. ಅವಳು ಒಂದು ಸಂಜೆ ತಾನಾಗಿ ನನ್ನ ಪಕ್ಕ ಬಂದು ಕೂತು, ಬಾಯಲ್ಲಿ ಹಿಡಿಯುವ ತುದಿಯನ್ನು ಬಿಚ್ಚಿ ತೋರಿಸಿದಳು. ಒಳಗೆ ರಬ್ಬರಿನಂಥ ಒಂದು ಪೊರೆ. ಅದೇ ವಾಲ್ವ್. ನಾವು ಎಳೆದಾಗ ಪೊರೆ ಎದ್ದು ಮದ್ದಿಗೆ ದಾರಿ ಕೊಡಬೇಕು, ಬಿಟ್ಟ ಉಸಿರು ಕೊಳವೆಯೊಳಗೆ ಹಿಂದೆ ಹೋಗದ ಹಾಗೆ ಮುಚ್ಚಬೇಕು. ಬೆರಳಿನಿಂದ ಎಬ್ಬಿಸಿ ನೋಡಿದೆ. ಗಟ್ಟಿ ಇತ್ತು, ಹಳೆಯ ಚಪ್ಪಲಿಯ ಬಾರಿನ ಹಾಗೆ.

"ಮೊದಲು ತೆಳು ಮಾಡಿದ್ದೆ ಅತ್ತೆ. ಅಚ್ಚಿನಿಂದ ಬಿಡಿಸುವಾಗ ಹರೀತಿತ್ತು, ತುಂಬ ಪೀಸು ಹಾಳಾಗ್ತಿತ್ತು. ದಪ್ಪ ಮಾಡು ಅಂದ್ರು. ಮಾಡಿದೆ. ನಿಧಾನ ಎಳೆದರೆ ಇದು ಏಳುವುದೇ ಇಲ್ಲ. ಜೋರು ಮಾಡಿದರೆ ಒಮ್ಮೆಲೇ ಎದ್ದು ಗಾಳಿ ನುಗ್ತದೆ, ವಿಸಿಲ್ ಆಗ್ತದೆ. ನಮ್ಮ ಟೆಸ್ಟ್ ಮೆಷಿನು ಗಟ್ಟಿ ಆಳಿನ ಹಾಗೆ ಎಳೀತದೆ, ಅದರಲ್ಲಿ ಪಾಸಾಗಿತ್ತು."

"ಮೆಷಿನಿಗೆ ದಮ್ಮು ಉಂಟಾ?" ಎಂದು ಕೇಳಿದೆ.

"ಇಲ್ಲ" ಎಂದಳು. ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಅಳುವುದಕ್ಕೆ ಕಾರಣ ಇರುವವರು ಅಳಲಿ ಎಂದುಕೊಂಡೆ.

ಆದರೆ ಹುಡುಗಿ ಅತ್ತು ಮುಗಿಸುವ ಜಾತಿಯಲ್ಲ. ಉಸಿರು ಅಳೆಯುವ ಸಣ್ಣ ಯಂತ್ರ ತಂದು ಮಾವನ ಉಸಿರನ್ನು ಅಳೆದಳು, ಬೆಳಿಗ್ಗೆ, ಮಧ್ಯಾಹ್ನ, ಮೆಟ್ಟಿಲು ಹತ್ತಿದ ಮೇಲೆ. ವಾರ ಕಳೆದು ಒಂದು ಸಂಜೆ ಚಪ್ಪಲಿ ಬಿಡುವ ಮೊದಲೇ ಹೇಳಿದಳು, "ಅತ್ತೆ, ಫ್ಯಾಕ್ಟರಿಯ ಮೆಷಿನು ಈಗ ಮಾವನ ಹಾಗೆಯೇ ಉಸಿರಾಡ್ತದೆ."

ಪೊರೆಯ ಆಕಾರವನ್ನೇ ಬದಲಿಸಿದಳು. ಅಂಚಿಗೆ ಸ್ವಲ್ಪ ದಪ್ಪದ ದಂಡೆ, ನಡುವೆ ಗಂಜಿಯ ಕೆನೆಯಷ್ಟು ತೆಳು. ನೀರುದೋಸೆಯನ್ನು ಅಂಚು ಹಿಡಿದು ಎಬ್ಬಿಸುವ ಹಾಗೆ ದಂಡೆ ಹಿಡಿದು ಅಚ್ಚಿನಿಂದ ಬಿಡಿಸಬಹುದಂತೆ. ಒಮ್ಮೆಗೇ ಆದದ್ದಲ್ಲ. ಒಂದು ಸಲ ಪೊರೆ ಎದ್ದು ಮುಚ್ಚಲೇ ಇಲ್ಲ, ಇನ್ನೊಂದು ಸಲ ತೊಳೆದ ಮೇಲೆ ಅಂಟಿಕೊಂಡಿತು. ಪ್ರತಿ ಸಲವೂ ಮುಖ ಸಪ್ಪೆ ಮಾಡಿಕೊಂಡು ಬಂದು ನನಗೆ ವರದಿ ಒಪ್ಪಿಸುತ್ತಿದ್ದಳು.

ಇತ್ತ ಮನೆಯಲ್ಲಿ ಹಳೆಯ ಕೊಳವೆಯ ಜೊತೆ ಬೇರೆಯೇ ಜಗಳ. ಟ್ರಯಲ್ ಪೀಸನ್ನು ಮನೆಗೆ ತರುವ ಹಾಗಿಲ್ಲ, ಪರೀಕ್ಷೆ ಮುಗಿಯಬೇಕು. ನಮ್ಮ ಕಡೆಯ ಅಂಗಡಿಗಳು ಇಡುವುದೂ ಇದೊಂದೇ ಮಾಲು. ಅಲ್ಲಿಯವರೆಗೆ ಇವರು ಇದರಲ್ಲೇ, ಪೊರೆ ಏಳುವಷ್ಟು ಆದರೆ ವಿಸಿಲ್ ಬಾರದಷ್ಟು, ಎಳೆಯಬೇಕು.

"ನಿಧಾನ, ನಿಧಾನ" ಎನ್ನುತ್ತಿದ್ದೆ ನಾನು.

"ನಿಧಾನ ಎಳೆದರೆ ಎಂತದೂ ಬರುವುದಿಲ್ಲ ಮಾರಾಯ್ತಿ. ಮದ್ದು ಹೋಯಿತೋ ಇಲ್ಲವೋ ಯಾರಿಗೆ ಗೊತ್ತು?"

"ದೇವರಿಗೆ ಗೊತ್ತು."

"ದೇವರು ವಿಸಿಲ್ ಹೊಡೆಯುವುದಿಲ್ಲವಲ್ಲ!"

ಒಂದು ದಿನ ಕೊಳವೆಯನ್ನು ಅಂಗಳಕ್ಕೆ ಎಸೆದೇ ಬಿಟ್ಟರು. ನಾನು ಹೆಕ್ಕಿ, ತೊಳೆದು, ಒಣಗಿಸಿ ತಂದೆ. ಇನ್ನೊಂದು ತೊಂದರೆ ಆಗ ಗೊತ್ತಾದದ್ದು. ಜಗಲಿಯಿಂದ ಸದ್ದು ಬರದಿದ್ದರೆ ಇವರು ಸರಿಯಾಗಿ ಎಳೆದರು ಎಂದೂ ಆಗಬಹುದು, ಪೇಪರು ಓದುತ್ತಾ ಮರೆತರು ಎಂದೂ ಆಗಬಹುದು. ಒಲೆಯ ಮೇಲಿದ್ದದ್ದನ್ನು ಬಿಟ್ಟು ನಾನು ಓಡಿ ಹೋಗಿ ನೋಡಬೇಕು. ಅದನ್ನು ಸಿಟ್ಟಿನಿಂದಲೇ ಸೊಸೆಗೆ ಹೇಳಿದೆ. ಅವಳು ಜಗಲಿಯನ್ನೂ ಅಡುಗೆಮನೆಯ ಬಾಗಿಲನ್ನೂ ನೋಡಿದಳು.

"ಪೊರೆ ಏಳುವುದು ಹೊರಗಿನಿಂದ ಕಾಣುವ ಹಾಗೆ ಮಾಡಿದರೆ? ಇಲ್ಲಿಂದ ನಿಮಗೆ ಯಾವ ಬಣ್ಣ ಚೆನ್ನಾಗಿ ಕಾಣ್ತದೆ ಅತ್ತೆ?"

"ಕುಂಕುಮದ್ದು" ಎಂದೆ.

ಕೆಂಪು ಪೊರೆ ತಯಾರಾಯಿತು, ಮಾವನ ಹಾಗೆ ಉಸಿರಾಡುವ ಮೆಷಿನಿನಲ್ಲಿ ಪಾಸೂ ಆಯಿತು. ವಿಸಿಲ್ ತೆಗೆದು ಇದನ್ನು ಹಾಕುವ ಎಂದು ಕೇಳಿದರೆ ಫ್ಯಾಕ್ಟರಿಯ ಧಣಿ ಒಪ್ಪಲಿಲ್ಲ. ಅಚ್ಚು ಹೊಸದು ಬೇಕು, ಅಂಗಡಿಯವರು ಕೇಳುವುದು ವಿಸಿಲಿನದ್ದು, ಇದ್ದದ್ದು ಇರಲಿ. ಪೊರೆ ಅವಳ ಮೇಜಿನ ಡ್ರಾಯರಿಗೆ ಹೋಯಿತು. ಇತ್ತ ಇವರು ದಿನದಿಂದ ದಿನಕ್ಕೆ ಇಳಿಯುತ್ತಿದ್ದರು.

ಆ ತಿಂಗಳು ನಮ್ಮಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಸೊಸೆಯ ಧಣಿಯನ್ನೂ ಕರೆದಿದ್ದೆವು. ಬಂದರು, ಸ್ವೀಟ್ ಬಾಕ್ಸು ಹಿಡಿದುಕೊಂಡು. ನಗುಮುಖದ ಮನುಷ್ಯ. ಊಟಕ್ಕೆ ಕೂತಾಗ ಬಡಿಸಲಿಕ್ಕೆ ನಾನೇ ನಿಂತೆ.

"ನಿಮ್ಮ ಸೊಸೆ ಹುಷಾರು ಅಮ್ಮ. ಆದರೆ ಸ್ವಲ್ಪ ಹಟ. ವಿಸಿಲ್ ತೆಗೀಬೇಕು ಅಂತ ನನ್ನ ಹಿಂದೆ ಬಿದ್ದಿದ್ದಾಳೆ. ವಿಸಿಲೇ ಅಲ್ವಾ ನಮ್ಮ ಮಾಲಿನ ಗುರುತು!"

ಎಲೆಯ ಮುಂದೆ ಕೂತವರಿಗೆ ಬೈಯುವ ಪದ್ಧತಿ ನಮ್ಮಲ್ಲಿಲ್ಲ. ಅನ್ನಕ್ಕೆ ಅವಮಾನ. ಪೂಜೆಯ ದಿನ ಬೇರೆ. ನಾನು ಪಾಯಸ ಬಡಿಸಿದೆ. ಸಿಟ್ಟಿನಲ್ಲಿ ಇನ್ನೊಂದು ಸೌಟು ಬಿತ್ತು, ಮತ್ತೊಂದೂ ಬಿತ್ತು. "ಸಾಕು ಅಮ್ಮ, ಸಾಕು" ಎಂದು ಅವರು ಎಲೆಗೆ ಕೈ ಅಡ್ಡ ಹಿಡಿದರು. ಹೋಳಿಗೆ ಹಾಕಿದೆ. ನನ್ನ ಮುಖ ನೋಡಿ ಮಗನಿಗೆ ಗೊತ್ತಾಯಿತು. ಕಣ್ಣಿನಲ್ಲೇ ಬೇಡ ಬೇಡ ಎಂದ. ಧಣಿಗಳು ಎದ್ದು, ಕೈ ತೊಳೆದು, ಬಾಯಿ ಮುಕ್ಕಳಿಸುವವರೆಗೆ ಕಾದೆ. ಒರೆಸಲು ಟವೆಲು ನಾನೇ ಕೊಟ್ಟೆ.

"ಊಟ ಹೊಟ್ಟೆ ತುಂಬ ಆಯ್ತಾ?"

"ಭರ್ಜರಿ ಅಮ್ಮ!"

"ಹಾಗಾದರೆ ಇನ್ನು ಬೈಯಬಹುದು."

ಅವರು ನಕ್ಕರು. ನಾನು ನಗುವುದಿಲ್ಲ ಎಂದು ತಿಳಿದ ಮೇಲೆ ನಿಲ್ಲಿಸಿದರು.

"ಇವರು ಮಂದಿರದಲ್ಲಿ ಮೊದಲ ಸ್ವರ ಎತ್ತುತ್ತಿದ್ದವರು. ನಿಮ್ಮ ವಿಸಿಲ್ ಬಂದರೆ ಮದ್ದು ಹೋಯಿತು ಅಂತ ಉಸಿರಿದ್ದಷ್ಟು ಎಳೆದರು. ನಿಮ್ಮ ಮಾಲು ಮಾರಿದ ಮೆಡಿಕಲಿನವ ಬೇರೆ ಎಂತದೂ ಹೇಳಿಕೊಡಲಿಲ್ಲ."

"ಡಬ್ಬಿಯೊಳಗೆ ಕಾಗದ ಇಟ್ಟಿದ್ದೇವಲ್ಲ ಅಮ್ಮ, ಅದರಲ್ಲಿ ಬರೆದಿದೆ."

"ಯಾವ ಭಾಷೆಯಲ್ಲಿ?"

ಅವರು ಟವೆಲಿನ ಅಂಚು ಹಿಂಡಿದರು. ಕುರ್ಚಿಯಲ್ಲಿ ಕೂತಿದ್ದ ನಮ್ಮವರು "ಬಿಡು ಮಾರಾಯ್ತಿ, ಮನೆಗೆ ಬಂದವರು" ಎಂದರು. ಎಂದರು ಎಂದರೆ, ತುಟಿ ಅಲ್ಲಾಡಿತು. ಒಣ ತರಗೆಲೆಯ ಮೇಲೆ ನಡೆದಂಥ ಒಂದು ಸದ್ದು, ಅದೂ ಅರ್ಧದಲ್ಲಿ ಕಡಿದು ಕೆಮ್ಮಾಯಿತು.

"ಕೇಳಿತಾ?" ಎಂದೆ. "ಇದು ನಿಮ್ಮ ಮಾಲಿನ ಗುರುತು."

ಸೊಸೆ ವೀಳ್ಯದ ತಟ್ಟೆಯನ್ನು ಧಣಿಗಳ ಮುಂದೆ ಹಿಡಿದಳು. ಧಣಿಗಳು ಪ್ರಸಾದ ತೆಗೆದುಕೊಂಡು, ನಮ್ಮವರಿಗೆ ಕೈ ಮುಗಿದು, ನನ್ನ ಕಡೆ ನೋಡದೆ ಹೊರಟರು.

"ಕೆಲಸ ಹೋದರೆ ಅತ್ತೆ?" ಎಂದು ಅವಳು ಕೇಳಿದಾಗ "ಹೋದರೆ ಹೋಗಲಿ" ಎಂದೆ. ಅಡುಗೆಮನೆಗೆ ಬಂದು ದೇವರಿಗೆ ಮಾತ್ರ ಬೇರೆ ಹೇಳಿದೆ.

ಹೋಗಲಿಲ್ಲ. ಸೋಮವಾರ ಅವರೇ ಕರೆದು, ಕೆಂಪು ಪೊರೆಗೆ ಅಚ್ಚು ಮಾಡಿಸು, ಕಾಗದಕ್ಕೆ ಕನ್ನಡವನ್ನೂ ಸೇರಿಸು ಎಂದರಂತೆ. ನಾನು ಬೈದದ್ದಕ್ಕೋ, ಇವರ ಸ್ವರ ಕೇಳಿದ್ದಕ್ಕೋ ಗೊತ್ತಿಲ್ಲ. ವಿಸಿಲ್ ಮಾತ್ರ ಇರುತ್ತದೆ, ಅಂಗಡಿಯವರಿಗೆ ಬೇಕು ಎಂದರಂತೆ. ಸೊಸೆ ಸಂತೋಷದಲ್ಲಿ ಬಂದಿದ್ದಳು. ಅವಳ ಸಂತೋಷ ಕೆಡಿಸಬಾರದು ಎಂದು ವಿಸಿಲಿನ ವಿಷಯಕ್ಕೆ ಆ ದಿನ ಬಾಯಿ ಮುಚ್ಚಿಕೊಂಡೆ. ನಾದಿನಿ ಕೇಳಿದ್ದರೆ ನಂಬುತ್ತಿರಲಿಲ್ಲ.

ಪರೀಕ್ಷೆಗಳೆಲ್ಲ ಮುಗಿದು ಹೊಸ ಕೊಳವೆ ಅಂಗಡಿಗೆ ಬರುವಾಗ ಮತ್ತೊಂದು ಮಳೆಗಾಲ ಬಂದಿತ್ತು. ಇವರು ಮೊದಲ ಸಲ ಬಾಯಿಗಿಟ್ಟು ಮೆಲ್ಲಗೆ ಎಳೆದರು. ಕೆಂಪು ಪೊರೆ ಎದ್ದಿತು, ಮಲಗಿತು. ಇವರ ಕಣ್ಣು ಅದರ ಮೇಲೆಯೇ ಇತ್ತು. "ಓ, ಹೋಯಿತು!" ಎಂದರು. ಬಾಗಿಲಲ್ಲಿ ನಿಂತ ನನಗೂ ಕಂಡಿತ್ತು. ನಾಲಗೆಯ ಬಿಳಿ ಹೋಯಿತು, ಗೇಟಿನವರೆಗೆ ನಡೆಯುತ್ತಾರೆ. ಮಂದಿರದಲ್ಲಿ ಕೊನೆಯ ಸಾಲಿನಲ್ಲಿ ಕೂತು ಎಲ್ಲರ ಜೊತೆ ಹಾಡುತ್ತಾರೆ. ಮೊದಲ ಸ್ವರ ಎತ್ತುವುದು ಈಗ ಬೇರೆಯವರು. ಸಿಕ್ಕಿದ್ದಕ್ಕೆ ನಾನು ದಿನಾ ಕೈ ಮುಗಿಯುತ್ತೇನೆ. ಹೋದದ್ದನ್ನು ಮರೆಯುವುದಿಲ್ಲ.

ಮೊನ್ನೆ ಲಾಯಿಲದ ಹತ್ತಿರ ಒಂದು ಮದುವೆಗೆ ಹೋಗಿದ್ದೆವು. ಊಟ ಮುಗಿಸಿ ಕೈ ತೊಳೆಯುವಾಗ ಹಿಂದಿನ ಮೂಲೆಯಿಂದ ಕೂಂಯ್ ಎಂದಿತು. ನನ್ನ ಕಾಲು ತಾನಾಗಿ ಅತ್ತ ಹೋಯಿತು. ಒಬ್ಬರು ಬ್ಯಾರಿ ಹೆಂಗಸು, ನನ್ನದೇ ಪ್ರಾಯ, ಗೋಡೆಗೆ ಒರಗಿ ಕೊಳವೆ ಹಿಡಿದಿದ್ದರು. ಹಳೆಯ ಮಾಲು.

"ಅಮ್ಮ, ವಿಸಿಲ್ ಬರಬಾರದು. ಬಂದರೆ ಮದ್ದು ಗಂಟಲಲ್ಲೇ ಉಳೀತದೆ."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನೀವು ಡಾಕ್ಟರಾ?" ಸ್ವರ ಒಡೆದಿತ್ತು. ಆ ಒಡಕು ನನಗೆ ಗುರುತು ಸಿಕ್ಕಿತು.

"ಅಲ್ಲ. ನನ್ನ ಗಂಡನದ್ದೂ ಹೀಗೇ ಹೋಗಿತ್ತು."

ಪಕ್ಕದಲ್ಲಿ ಕೂತು ಹೇಳಿದೆ. ಕೇಳಿದರು. ಕನ್ಯಾನದವರಂತೆ, ಅಂಗಡಿಯವ ಕುಕ್ಕರಿನ ಹಾಗೆ ಅಂದಿದ್ದನಂತೆ. ಬಿಸ್ಮಿಲ್ಲಾ ಹೇಳಿ ನಿಧಾನ ಎಳೆದು ನೋಡಿದರು. ಗಟ್ಟಿ ಪೊರೆ, ಏಳಲಿಲ್ಲ. ಕೆಂಪು ಪೊರೆಯದ್ದು ಕೇಳಿ ತೆಗೆದುಕೊಳ್ಳಿ ಎಂದೆ.

"ನನಗೆ ಹೇಳಿದ್ರಿ, ಒಳ್ಳೇದಾಯ್ತು. ನಿಮ್ಮ ಅಂಗಡಿಯವನಿಗೆ ಹೇಳಿದ್ರಾ? ನಾಳೆ ಅವನು ಇನ್ನೊಬ್ಬಳಿಗೆ ಇದನ್ನೇ ಕೊಡ್ತಾನಲ್ಲ."

ಮೆಲ್ಕಾರಿನ ಮೆಡಿಕಲಿನವನ ಮುಖ ನೆನಪಾಯಿತು.

ವಾಪಸು ಬರುವ ಬಸ್ಸಿನಲ್ಲಿ ಇವರ ಮದ್ದಿನ ಹೊತ್ತಾಯಿತು. ಕೊಳವೆ ತೆಗೆದು ಎಳೆದರು. ಕೆಂಪು ಪೊರೆ ಎದ್ದಿತು, ಮಲಗಿತು. ಮುಂದಿನ ಸೀಟಿನವರು ತಿರುಗಿಯೂ ನೋಡಲಿಲ್ಲ. ನಾನು ಚೀಲದಿಂದ ನೀರು ಕೊಟ್ಟೆ, ಬಾಯಿ ಮುಕ್ಕಳಿಸಿ ಕಿಟಕಿಯ ಹೊರಗೆ ಉಗುಳಿದರು.

"ಎಂತ, ಮುಖ ಊದಿಸಿಕೊಂಡಿದ್ದೀ?"

"ಮೆಲ್ಕಾರಿನಲ್ಲಿ ಇಳಿಯುವ" ಎಂದೆ.

"ನಮ್ಮ ಸ್ಟಾಪು ಇನ್ನೂ ಮುಂದೆ ಅಲ್ವಾ?"

"ಮೆಡಿಕಲ್ ತೆರೆದಿರ್ತದೆ. ಆ ಮನುಷ್ಯನಿಗೆ ನಾನು ಬೈದೇ ಇಲ್ಲ."

"ಅವನು ಊಟ ಮಾಡಿದ್ದಾನಾ ಅಂತ ಮೊದಲು ಕೇಳು" ಎಂದರು ಇವರು. ಒಡೆಯದ ಸ್ವರದಲ್ಲಿ, ಎರಡು ಸೀಟು ಮುಂದಿನವರಿಗೂ ಕೇಳುವ ಹಾಗೆ.